ಮೊದಲೇ ಬರೆದಿಡಬೇಕಾದದ್ದು, ಮೇಜಿನ ಮುಂದೆ ಹುಟ್ಟಬೇಕಾದದ್ದು

ಆರು ಸೆಷನ್‌ಗಳ ಕಾಲ ನಾನು ನಡೆಸಿದ, ಮೇಜಿನ ಸುತ್ತ ಕುಳಿತು ಪಾತ್ರಗಳಾಗಿ ಆಡುವ ಕೊಲೆ ತನಿಖೆಯ ಆಟವೊಂದು ಮುಗಿಯುವ ಹೊತ್ತಿಗೆ, ನಮ್ಮ ಗುಂಪಿನ ಒಬ್ಬ ಆಟಗಾರ್ತಿ ತನ್ನ ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೆ ತಿರುವುತ್ತಾ ಹೋಗಿ, ಮೂರನೆಯ ಸೆಷನ್‌ನಲ್ಲಿ ಬರೆದುಕೊಂಡಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟು, “ಹಾಗಾದರೆ ದೀಪಸ್ತಂಭದ ಮೆಟ್ಟಿಲ ಕೆಳಗೆ ನಮಗೆ ಸಿಕ್ಕಿದ ಒದ್ದೆ ಬೂಟುಗಳು ಯಾರವು?” ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಕೊಲೆಗಾರ ಯಾರೆಂಬುದನ್ನು ನಾನು ಐದನೆಯ ಸೆಷನ್‌ನಲ್ಲಿ ಬದಲಿಸಿಬಿಟ್ಟಿದ್ದೆ. ಮೊದಲು ನನ್ನ ಮನಸ್ಸಿನಲ್ಲಿದ್ದವನು ಒಬ್ಬ ಹಡಗಿನ ವ್ಯಾಪಾರಿ. ಆಟಗಾರರು ಅವನನ್ನು ತೀರಾ ಬೇಗ ಅನುಮಾನಿಸಿದ್ದರಿಂದ, ಕೊನೆಗೊಂದು ಅಚ್ಚರಿ ಉಳಿಯಲಿ ಎಂಬ ಆಸೆಯಿಂದ, ಕೊಲೆಯನ್ನು ದೀಪಸ್ತಂಭದ ಕಾವಲುಗಾರನ ತಂಗಿಯ ತಲೆಗೆ ಕಟ್ಟಿದ್ದೆ. ಆ ಮಳೆಯ ರಾತ್ರಿ ತಂಗಿ ಹೊರಗೆ ಕಾಲಿಟ್ಟೇ ಇರಲಿಲ್ಲ ಎಂದು ಎರಡನೆಯ ಸೆಷನ್‌ನಲ್ಲಿ ಹೇಳಿದ್ದವನೂ ನಾನೇ. ಆ ಕ್ಷಣಕ್ಕೆ ತೋಚಿದ ಒಂದು ಸಮಜಾಯಿಷಿಯನ್ನು ಕೊಟ್ಟೆ. ಆಕೆ ತಲೆಯಾಡಿಸಿ ನೋಟ್‌ಬುಕ್ ಮುಚ್ಚಿದಳು. ಮುಂದಿನ ಕ್ಯಾಂಪೇನಿಗೂ, ಅಂದರೆ ಹಲವು ಸೆಷನ್ನುಗಳ ಮುಂದಿನ ಕಥೆಗೂ, ಆಕೆ ಬಂದಳು, ಆದರೆ ನೋಟ್‌ಬುಕ್ ತರಲಿಲ್ಲ.

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳನ್ನು ಆಡುವವರ ನಡುವೆ ಬಹಳ ಹಳೆಯ ಚರ್ಚೆಯೊಂದಿದೆ: ಗೇಮ್ ಮಾಸ್ಟರ್ ಆದವರು ಎಲ್ಲವನ್ನೂ ಮೊದಲೇ ಸಿದ್ಧಪಡಿಸಿಕೊಂಡು ಬರಬೇಕೇ, ಅಥವಾ ಆಟಗಾರರ ನಡೆಯನ್ನು ನೋಡಿಕೊಂಡು ಅಲ್ಲೇ ಆಶುವಾಗಿ ಕಟ್ಟುತ್ತಾ ಹೋಗಬೇಕೇ? ಈ ಆಟಗಳ ಪರಿಚಯವಿಲ್ಲದವರಿಗಾಗಿ ಒಂದು ಮಾತು ಹೇಳಬೇಕು. ನಾಲ್ಕೈದು ಜನ ಮೇಜಿನ ಸುತ್ತ ಕುಳಿತಿರುತ್ತಾರೆ. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಒಂದೊಂದು ಪಾತ್ರವನ್ನು ವಹಿಸಿಕೊಂಡು, ಆ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಉಳಿದ ಆ ಒಬ್ಬರು, ಅಂದರೆ ಗೇಮ್ ಮಾಸ್ಟರ್, ಪಾತ್ರಗಳ ಸುತ್ತಲಿನ ಇಡೀ ಲೋಕಕ್ಕೆ ಬಾಯಿಯಾಗುತ್ತಾರೆ. ಫಲ ಅನಿಶ್ಚಿತವಾಗಿರುವ ಕಡೆ ದಾಳ ನಿರ್ಧರಿಸುತ್ತದೆ. ಈ ಚರ್ಚೆಯನ್ನು ಸಾಮಾನ್ಯವಾಗಿ ಶ್ರಮದ ಪ್ರಶ್ನೆಯಾಗಿ, ಇಲ್ಲವೇ ಸ್ವಭಾವದ ಪ್ರಶ್ನೆಯಾಗಿ ನೋಡಲಾಗುತ್ತದೆ: ಅಚ್ಚುಕಟ್ಟಿನ ಸ್ವಭಾವದವರು ಬರೆದುಕೊಂಡು ಬರುತ್ತಾರೆ, ಮಾತಿನಲ್ಲಿ ಚುರುಕಾದವರು ಬರಿಗೈಯಲ್ಲಿ ಬರುತ್ತಾರೆ, ಎರಡೂ ಸರಿಯೇ ಎಂದು ಮಾತು ಮುಗಿಯುತ್ತದೆ. ನನಗೆ ಈ ತೀರ್ಮಾನ ಸಾಕೆನಿಸುವುದಿಲ್ಲ. ಎಷ್ಟು ಸಿದ್ಧತೆ ಎಂಬುದಕ್ಕಿಂತ, ಯಾವುದನ್ನು ಆಟಗಾರರ ಆಯ್ಕೆಗಿಂತ ಮೊದಲೇ ನಿಶ್ಚಯಿಸಿರಬೇಕು ಎಂಬುದೇ ಮುಖ್ಯ ಪ್ರಶ್ನೆಯೆಂದು ಆ ಒದ್ದೆ ಬೂಟುಗಳು ನನಗೆ ಕಲಿಸಿದವು.

ಈ ಆಟದ ಹುಟ್ಟಿನಲ್ಲಿಯೇ ಎರಡೂ ಬಗೆಗಳು ಜೊತೆಯಾಗಿದ್ದವು ಎಂಬುದನ್ನು ಮರೆಯುವಂತಿಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳಾಗಿ ಬಂದಾಗ, ಆಟ ನಡೆಸುವವರನ್ನು ಅದು ರೆಫರಿ ಎಂದು ಕರೆಯಿತು. ಆಟ ಶುರುವಾಗುವ ಮೊದಲು ರೆಫರಿ ನೆಲದಡಿಯ ಲೋಕದ ಕನಿಷ್ಠ ಅರ್ಧ ಡಜನ್ ಅಂತಸ್ತುಗಳ ನಕ್ಷೆ ಬಿಡಿಸಬೇಕು, ಅವುಗಳಲ್ಲಿ ಜೀವಿಗಳನ್ನೂ ನಿಧಿಯನ್ನೂ ಹಂಚಬೇಕು, ಎಲ್ಲಿ ಏನಿದೆ ಎಂಬುದನ್ನು ಗುರುತು ಮಾಡಿಟ್ಟುಕೊಳ್ಳಬೇಕು ಎಂದು ಅದು ಹೇಳುತ್ತದೆ. ಅದೇ ಪುಸ್ತಿಕೆಗಳು, ನೆಲದಡಿಯಲ್ಲಿ ಕಳೆಯುವ ಪ್ರತಿಯೊಂದು ಸರದಿಯ ಕೊನೆಗೆ ಆರು ಮುಖದ ದಾಳವೊಂದನ್ನು ಉರುಳಿಸಿ, 6 ಬಿದ್ದರೆ ಅಲೆದಾಡುವ ಜೀವಿಯೊಂದು ಎದುರಾಯಿತೆಂದು ತಿಳಿಯಬೇಕು ಎಂದೂ ಹೇಳುತ್ತವೆ. ನಕ್ಷೆ ಮೊದಲೇ ಇದೆ. ಯಾವ ತಿರುವಿನಲ್ಲಿ ಯಾರು ಎದುರಾಗುತ್ತಾರೆ ಎಂಬುದು ರೆಫರಿಗೂ ಗೊತ್ತಿಲ್ಲ. ರೆಫರಿ ಎಂಬ ಆ ಹೆಸರು ಇಂದಿಗೂ ನನಗೆ ಬಹಳ ಪ್ರಿಯವಾದದ್ದು, ಏಕೆಂದರೆ ಅದರಲ್ಲಿ ನ್ಯಾಯದ ಕಲ್ಪನೆ ಇದೆ. ಗೋಡೆ ಎಲ್ಲಿದೆ ಎಂದು ಆಟಗಾರರು ಹೆಜ್ಜೆ ಇಡುವ ಮೊದಲೇ ಬರೆದಿಟ್ಟವರು, ಅವರು ಹೆಜ್ಜೆ ಇಟ್ಟ ಮೇಲೆ ಗೋಡೆಯನ್ನು ಸರಿಸಲು ಸಂಕೋಚಪಡುತ್ತಾರೆ.

ಸಿದ್ಧತೆಯ ನಿಜವಾದ ಉಪಯೋಗ ನನ್ನ ದೃಷ್ಟಿಯಲ್ಲಿ ಇದೇ. ಅದು ಕಥೆಯನ್ನು ಶ್ರೀಮಂತಗೊಳಿಸುತ್ತದೆ ಎಂಬುದು ಎರಡನೆಯ ಮಾತು. ಮೊದಲನೆಯದಾಗಿ ಅದು ಆಟ ನಡೆಸುವವರ ಕೈಯನ್ನು ಕಟ್ಟುತ್ತದೆ. ಆಟಗಾರರ ಮುಂದೆ ಎರಡು ದಾರಿಗಳಿವೆ ಎಂದಿಟ್ಟುಕೊಳ್ಳೋಣ. ಎಡಗಡೆಯ ದಾರಿಯಲ್ಲಿ ಕೆಸರಿನ ಮೇಲೆ ದೊಡ್ಡ ಹೆಜ್ಜೆ ಗುರುತುಗಳಿವೆ, ಬಲಗಡೆಯ ದಾರಿ ದೂರದ್ದಾದರೂ ಒಣಗಿದೆ. ಅವರು ಹತ್ತು ನಿಮಿಷ ಚರ್ಚಿಸಿ, ಗಾಯಗೊಂಡ ಸಂಗಾತಿಯನ್ನು ನೆನೆದು, ಒಂದು ದಿನ ತಡವಾದರೂ ಚಿಂತೆಯಿಲ್ಲವೆಂದು ಬಲಗಡೆಗೆ ಹೋಗುತ್ತಾರೆ. ಗೇಮ್ ಮಾಸ್ಟರ್ ತಮ್ಮ ಬಳಿ ಇರುವ ಒಂದೇ ಒಂದು ರಾಕ್ಷಸನ ಕಾಳಗವನ್ನು ಆ ದಾರಿಯಲ್ಲೇ ತಂದು ನಿಲ್ಲಿಸಿದರೆ, ಮೇಲ್ನೋಟಕ್ಕೆ ಯಾರಿಗೂ ಏನೂ ನಷ್ಟವಾಗಿಲ್ಲ. ಕಾಳಗ ಚೆನ್ನಾಗಿಯೇ ನಡೆಯುತ್ತದೆ. ಆದರೆ ಆ ಹತ್ತು ನಿಮಿಷಗಳ ಚರ್ಚೆ ನೀರಿನಲ್ಲಿ ಹೋಮ ಮಾಡಿದಂತಾಯಿತು. ಈ ತಂತ್ರಕ್ಕೆ ಆಟಗಾರರ ವಲಯದಲ್ಲಿ ಕ್ವಾಂಟಮ್ ಓಗರ್ ಎಂಬ ಹೆಸರೇ ಇದೆ: ಆಟಗಾರರು ಯಾವ ದಾರಿ ಹಿಡಿದರೂ ಅಲ್ಲೇ ಇರುವ ರಾಕ್ಷಸ. ಇದು ಅತಿ ಸಿದ್ಧತೆಯ ದೋಷವೆಂದು ಕೆಲವರೂ, ಆಶು ಆಟದ ದೋಷವೆಂದು ಕೆಲವರೂ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಎರಡೂ ಅಲ್ಲ. ಆಯ್ಕೆಗಿಂತ ಮೊದಲು ನಿಶ್ಚಯಿಸಬೇಕಾಗಿದ್ದನ್ನು ಆಯ್ಕೆಯ ನಂತರ ನಿಶ್ಚಯಿಸಿದ ದೋಷ.

ಹೀಗಾಗಿ ನಾನು ಈಗ ಪ್ರತಿಯೊಂದು ಸಂಗತಿಗೂ ಒಂದೇ ಪರೀಕ್ಷೆಯನ್ನು ಒಡ್ಡುತ್ತೇನೆ: ಇದನ್ನು ಆಟಗಾರರು ತೀರ್ಮಾನ ಮಾಡಿದ ಮೇಲೆ ನಾನು ಕಲ್ಪಿಸಿದರೆ ಅವರ ತೀರ್ಮಾನ ಪೊಳ್ಳಾಗುತ್ತದೆಯೇ? ಪೊಳ್ಳಾಗುವುದಾದರೆ ಅದು ಕಾಗದದ ಮೇಲಿರಬೇಕು. ಕೊಲೆಗಾರ ಯಾರು, ಬಲೆ ಎಲ್ಲಿದೆ, ಒತ್ತೆಯಾಳನ್ನು ಯಾವ ಮನೆಯಲ್ಲಿ ಇಟ್ಟಿದ್ದಾರೆ, ಸೇನಾಪತಿ ಲಂಚಕ್ಕೆ ಬಗ್ಗುವವನೇ ಅಲ್ಲವೇ ಎಂಬಂಥವು ಈ ಗುಂಪಿಗೆ ಸೇರುತ್ತವೆ. ಛತ್ರದ ಒಡತಿಯ ಹೆಸರು, ಆಕೆಯ ಧ್ವನಿ, ಗೋಡೆಯ ಮೇಲಿನ ಚಿತ್ರ, ಪೇಟೆಯಲ್ಲಿ ಅಂದು ಯಾಕೆ ಗದ್ದಲ ಎಂಬಂಥವನ್ನು ಹೊತ್ತಿಗೆ ತಕ್ಕಂತೆ ಹೇಳಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಹೆಸರುಗಳ ವಿಷಯದಲ್ಲಿ ಮಾತ್ರ ಇಪ್ಪತ್ತು ಹೆಸರುಗಳ ಒಂದು ಪಟ್ಟಿ ಬಳಿಯಲ್ಲಿರುವುದು ಒಳ್ಳೆಯದು, ಏಕೆಂದರೆ ತಡವರಿಸಿ ಹೇಳಿದ ಹೆಸರು ಕೇಳಿದ ಕೂಡಲೇ ಆ ಪಾತ್ರ ಮುಖ್ಯವಲ್ಲವೆಂದು ಆಟಗಾರರು ಊಹಿಸಿಬಿಡುತ್ತಾರೆ.

ಇದಕ್ಕೆ ವಿರುದ್ಧವಾದ ತಪ್ಪನ್ನೂ ನಾನು ಮಾಡಿದ್ದೇನೆ, ಅದೂ ಮೊದಲ ವರ್ಷಗಳಲ್ಲಿ. ಒಂದು ಸೆಷನ್ನಿಗಾಗಿ 22 ಪುಟ ಬರೆದಿದ್ದೆ. ರಾಯಭಾರಿಯ ಔತಣ, ಔತಣದ ನಡುವೆ ದೀಪಗಳು ಆರುವುದು, ಕಳ್ಳನ ಹಿಂದೆ ಮಾಳಿಗೆಗಳ ಮೇಲಿನ ಓಟ, ಗಡಿಯಾರದ ಗೋಪುರದಲ್ಲಿ ಮುಖಾಮುಖಿ ಎಲ್ಲವೂ ಅದರಲ್ಲಿತ್ತು. ಆಟಗಾರರು ಔತಣದ ಆಮಂತ್ರಣ ಪತ್ರವನ್ನು ಓದಿ, ಇದರಲ್ಲಿ ಏನೋ ಮೋಸವಿದೆ ಎಂದು ನಿರ್ಧರಿಸಿ, ದೋಣಿ ಹತ್ತಿ ಹೊಳೆಯಾಚೆಗೆ ಹೊರಟುಬಿಟ್ಟರು. ಅವರ ಅನುಮಾನ ಸರಿಯಾಗಿಯೇ ಇತ್ತು. ನಾನು ಬಿರುಗಾಳಿ ಎಬ್ಬಿಸಿ, ದೋಣಿಯನ್ನು ಹಿಂದಕ್ಕೆ ತಿರುಗಿಸಿ, ಅವರನ್ನು ಔತಣಕ್ಕೆ ತಂದು ಕೂರಿಸಿದೆ. ಆ ಸಂಜೆಯ ಉಳಿದ ಭಾಗದಲ್ಲಿ ಅವರು ಕೇಳಿದ ಪ್ರಶ್ನೆಗಳು ಒಂದೊಂದಾಗಿ ಕಡಿಮೆಯಾಗುತ್ತಾ ಹೋದವು. ಆ ಪುಟಗಳನ್ನು ಬಹಳ ಕಾಲದ ನಂತರ ತೆಗೆದು ಓದಿದಾಗ ನನಗೆ ಕಂಡದ್ದು ಕ್ರಿಯಾಪದಗಳು. ‘ಹೋಗುವರು’, ‘ಕಾಣುವರು’, ‘ಬೆನ್ನಟ್ಟುವರು’, ‘ತಿಳಿಯುವರು’: 22 ಪುಟಗಳ ಉದ್ದಕ್ಕೂ ಭವಿಷ್ಯತ್ಕಾಲ, ಅದೂ ನನ್ನವಲ್ಲದ ಪಾತ್ರಗಳ ಭವಿಷ್ಯ. ಅಂದಿನಿಂದ ನಾನು ಸಿದ್ಧತೆಯ ಟಿಪ್ಪಣಿಗಳನ್ನು ಭೂತಕಾಲದಲ್ಲಿ ಮತ್ತು ವರ್ತಮಾನದಲ್ಲಿ ಮಾತ್ರ ಬರೆಯುತ್ತೇನೆ. ಏನು ನಡೆದಿದೆ, ಈಗ ಯಾರು ಎಲ್ಲಿದ್ದಾರೆ, ಯಾರಿಗೆ ಏನು ಬೇಕಾಗಿದೆ, ಅಷ್ಟು ಮಾತ್ರ.

ಅಚ್ಚಾದ ಸಾಹಸಗಳೂ, ಅಂದರೆ ಆಟ ನಡೆಸುವವರಿಗಾಗಿ ಮೊದಲೇ ಬರೆದು ಪ್ರಕಟಿಸಿದ ಕಥೆಗಳೂ, ಈ ಮೋಹಕ್ಕೆ ಒಳಗಾದದ್ದುಂಟು. 1984ರಲ್ಲಿ ಆರಂಭವಾದ ಡ್ರ್ಯಾಗನ್‌ಲ್ಯಾನ್ಸ್ ಸರಣಿ ಒಂದು ಮಹಾಕಥೆಯನ್ನು ಆಟದ ಮೇಜಿಗೆ ತರಲು ಹೊರಟಿತ್ತು. ಕಥೆಗೆ ಮುಂದೆ ಬೇಕಾಗಿರುವ ಪಾತ್ರವೊಂದು ನಡುವೆಯೇ ಸತ್ತರೆ, ಆ ಸಾವನ್ನು ಅಸ್ಪಷ್ಟವಾಗಿ ಇಡಿ, ದೇಹ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ, ಮುಂದೆ ಆ ಪಾತ್ರ ಮರಳಿ ಬರಲು ಅವಕಾಶವಿರಲಿ ಎಂದು ಅದು ಸೂಚಿಸುತ್ತದೆ. ಆ ಸರಣಿಯ ಲೋಕ ನನಗೆ ಇಷ್ಟ, ಅದರ ಹಿಂದಿನ ಆಸೆಯೂ ಅರ್ಥವಾಗುತ್ತದೆ. ಆದರೆ ಶತ್ರುವನ್ನು ಕೊಂದು ಆಟಗಾರರು ಗೆದ್ದ ಗೆಲುವನ್ನು ಹೀಗೆ ಹಿಂದಕ್ಕೆ ಪಡೆಯುವುದನ್ನು ಒಪ್ಪಲಾರೆ.

ಹಾಗಾದರೆ ಭವಿಷ್ಯವನ್ನು ಬರೆಯದೆ, ಲೋಕವು ತನ್ನಷ್ಟಕ್ಕೆ ಚಲಿಸುತ್ತಿದೆ ಎಂಬ ಭಾವನೆಯನ್ನು ತರುವುದು ಹೇಗೆ? ಇದಕ್ಕೆ ಬಹಳ ಸರಳವಾದ ಒಂದು ಸಾಧನವಿದೆ. ವಿನ್ಸೆಂಟ್ ಬೇಕರ್ ಮತ್ತು ಮೆಗ್ಯೂಯಿ ಬೇಕರ್ ಅವರ ಅಪೊಕ್ಯಾಲಿಪ್ಸ್ ವರ್ಲ್ಡ್ ಎಂಬ ಆಟ 2010ರಲ್ಲಿ, ಬರಲಿರುವ ಅಪಾಯಗಳನ್ನು ಗಡಿಯಾರದ ವೃತ್ತಗಳಾಗಿ ಗುರುತಿಸುವ ಪದ್ಧತಿಯನ್ನು ಬಳಸಿತು. ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್ ಎಂಬ ಆಟ ಅದನ್ನೇ 4, 6, 8 ಭಾಗಗಳ ವೃತ್ತಗಳಾಗಿ ಆಟದ ನಡುವಿಗೆ ತಂದಿತು. ಕಾಗದದ ಮೇಲೆ ಒಂದು ವೃತ್ತ ಬರೆದು, ಆರು ಭಾಗ ಮಾಡಿ, ಕೆಳಗೆ ‘ಸುಂಕದ ಅಧಿಕಾರಿ ಕೋಟೆಯ ಬಾಗಿಲು ಮುಚ್ಚಿಸುತ್ತಿದ್ದಾನೆ’ ಎಂದು ಬರೆಯಬೇಕು. ಆಟಗಾರರು ಹೊತ್ತು ಕಳೆದಾಗ, ಇಲ್ಲವೇ ಅವರ ಒಂದು ಯತ್ನ ಸೋತಾಗ, ಒಂದು ಭಾಗವನ್ನು ತುಂಬಬೇಕು. ಇಲ್ಲಿ ನಾನು ಬರೆದದ್ದು ಆ ಅಧಿಕಾರಿಯ ಬಯಕೆಯನ್ನೇ ಹೊರತು ಆಟಗಾರರ ನಡೆಯನ್ನಲ್ಲ. ಅವರು ಅವನಿಗೆ ಲಂಚ ಕೊಡಬಹುದು, ಅವನ ಮುದ್ರೆಯನ್ನು ಕದಿಯಬಹುದು, ಊರನ್ನೇ ಬಿಟ್ಟು ಹೋಗಬಹುದು. ಪ್ರತಿಯೊಂದು ಸಂದರ್ಭದಲ್ಲೂ ಆ ಒಂದು ಸಾಲು ನನಗೆ ಮುಂದಿನ ಮಾತನ್ನು ಒದಗಿಸುತ್ತದೆ. 22 ಪುಟಗಳು ಒದಗಿಸದ ನೆರವನ್ನು ಆ ವೃತ್ತ ಒದಗಿಸಿದೆ.

ಸುಳಿವುಗಳ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ನಾನು ಹೆಚ್ಚು ಯೋಚಿಸಿರುವುದೂ ಅದರ ಬಗ್ಗೆಯೇ. ಈ ಆಟಗಳ ಬಗ್ಗೆ ಬರೆಯುವ ಜಸ್ಟಿನ್ ಅಲೆಕ್ಸಾಂಡರ್ 2008ರಲ್ಲಿ ವಿವರಿಸಿದ ಒಂದು ನಿಯಮದ ಪ್ರಕಾರ, ಆಟಗಾರರು ತಲುಪಲೇಬೇಕಾದ ಪ್ರತಿಯೊಂದು ತೀರ್ಮಾನಕ್ಕೂ ಕನಿಷ್ಠ ಮೂರು ಸುಳಿವುಗಳಿರಬೇಕು: ಒಂದು ಅವರ ಕಣ್ಣಿಗೆ ಬೀಳದೆ ಹೋಗಬಹುದು, ಇನ್ನೊಂದನ್ನು ಅವರು ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು, ಮೂರನೆಯದಾದರೂ ದಾರಿ ತೋರಿಸುತ್ತದೆ. ಇದೇ ವಿಷಯದ ಇನ್ನೊಬ್ಬ ಲೇಖಕ ಮೈಕ್ ಶೇ ಅವರ ವಿಧಾನ ಬೇರೆ. ಅವರು ಒಂದು ಸೆಷನ್ನಿಗೆ ಹತ್ತು ರಹಸ್ಯಗಳನ್ನೂ ಸುಳಿವುಗಳನ್ನೂ ಬರೆದಿಟ್ಟುಕೊಳ್ಳಲು ಹೇಳುತ್ತಾರೆ, ಆದರೆ ಅವು ಎಲ್ಲಿ ಸಿಗುತ್ತವೆ, ಯಾರ ಬಾಯಿಂದ ಬರುತ್ತವೆ ಎಂಬುದನ್ನು ನಿಶ್ಚಯಿಸಬೇಡಿ ಎನ್ನುತ್ತಾರೆ. ಆಟಗಾರರು ಗ್ರಂಥಾಲಯಕ್ಕೆ ಹೋದರೆ ಹಳೆಯ ಕಾಗದದಲ್ಲಿ, ಮೀನು ಮಾರುವವಳ ಜೊತೆ ಮಾತಿಗೆ ಕುಳಿತರೆ ಅವಳ ಮಾತಿನಲ್ಲಿ, ಅದೇ ರಹಸ್ಯ ಹೊರಬೀಳಬಹುದು. ಇದನ್ನು ಮೊದಲು ಕೇಳಿದಾಗ, ಇದೂ ಆ ರಾಕ್ಷಸನ ತಂತ್ರದ ಇನ್ನೊಂದು ರೂಪವಲ್ಲವೇ ಎಂದು ನನಗೆ ಅನ್ನಿಸಿತ್ತು. ನಂತರ ನಿಧಾನವಾಗಿ ಒಂದು ವ್ಯತ್ಯಾಸ ಕಂಡಿತು. ಇಲ್ಲಿ ಸರಿದಾಡುವುದು ಸತ್ಯ ತಿಳಿಯುವ ಸ್ಥಳ ಮಾತ್ರ. ಸತ್ಯ ಇದ್ದಲ್ಲೇ ಇರುತ್ತದೆ. ವ್ಯಾಪಾರಿ ಆ ರಾತ್ರಿ ದೋಣಿಯನ್ನು ಬಾಡಿಗೆಗೆ ಪಡೆದಿದ್ದ ಎಂಬುದು ಮೊದಲೇ ನಿಂತ ಮಾತಾದರೆ, ಅದನ್ನು ಕಂಡವರು ಒಬ್ಬರೇ ಆಗಿರಬೇಕೆಂದೇನೂ ಇಲ್ಲ. ಆದರೆ ಎರಡು ಸ್ಥಳಗಳ ನಡುವಿನ ಆಯ್ಕೆಯೇ ಆಟದ ತಿರುಳಾಗಿದ್ದಾಗ, ಅಂದರೆ ಒಂದು ಕಡೆ ಅಪಾಯ ಹೆಚ್ಚು, ಒಂದು ಕಡೆ ಹೊತ್ತು ಹೆಚ್ಚು ಎಂದು ತೂಗಿ ನೋಡಿ ಅವರು ಹೊರಟಾಗ, ಸುಳಿವನ್ನೂ ಸರಿಸಬಾರದು. ಅಲ್ಲಿ ಬರಿಗೈಯಲ್ಲಿ ಮರಳುವ ಸಾಧ್ಯತೆ ನಿಜವಾಗಿಯೂ ಇರಬೇಕು.

ಆಶು ನಿರೂಪಣೆಯನ್ನು ನಾನು ಕೆಳಗಿಡುತ್ತಿದ್ದೇನೆ ಎಂದು ಯಾರೂ ಭಾವಿಸಬಾರದು. ಈ ಆಟದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಗಳಿಗೆಗಳೆಲ್ಲ ಆಶುವಾಗಿ ಹುಟ್ಟಿದವೇ. ರಂಗಭೂಮಿಯಲ್ಲಿ ಆಶು ಅಭಿನಯವನ್ನು ಕಲಿಸಿದ ಕೀತ್ ಜಾನ್‌ಸ್ಟನ್, ಆಶುವಾಗಿ ಕಥೆ ಕಟ್ಟುವವರನ್ನು ಹಿಮ್ಮುಖವಾಗಿ ನಡೆಯುವ ಮನುಷ್ಯನಿಗೆ ಹೋಲಿಸಿದ್ದಾರೆ: ಮುಂದೆ ಏನಿದೆ ಎಂಬುದು ಅವನಿಗೆ ಕಾಣುವುದಿಲ್ಲ, ಆದರೆ ನಡೆದು ಬಂದ ದಾರಿಯೆಲ್ಲ ಕಣ್ಣ ಮುಂದಿರುತ್ತದೆ, ಅದರಿಂದಲೇ ಹಳೆಯ ವಸ್ತುವೊಂದನ್ನು ಎತ್ತಿಕೊಂಡು ಕಥೆಗೆ ಮರಳಿ ತರುತ್ತಾನೆ. ಗೇಮ್ ಮಾಸ್ಟರ್‌ಗೆ ಇದಕ್ಕಿಂತ ಹತ್ತಿರದ ಹೋಲಿಕೆಯನ್ನು ನಾನು ಕಂಡಿಲ್ಲ. ಒಮ್ಮೆ ಆಟಗಾರನೊಬ್ಬ ದೋಣಿ ನಡೆಸುವ ಮುದುಕಿಯ ಕಡೆ ತಿರುಗಿ, ಆಕೆಯ ಕೈಗಳು ಹೇಗಿವೆ ಎಂದು ಕೇಳಿದ. ಆ ಮುದುಕಿಗೆ ನನ್ನ ಟಿಪ್ಪಣಿಯಲ್ಲಿ ಒಂದು ಸಾಲೂ ಇರಲಿಲ್ಲ. ಎಡಗೈಯ ಎರಡು ಬೆರಳುಗಳಿಲ್ಲ, ಆದರೂ ಹಗ್ಗದ ಗಂಟನ್ನು ನೋಡದೆಯೇ ಹಾಕುತ್ತಾಳೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲ ಸೆಷನ್‌ನಲ್ಲಿ ಕಡಲ್ಗಳ್ಳರ ಹಡಗಿನಲ್ಲಿ ತಾವು ಕಂಡ ವಿಚಿತ್ರ ಗಂಟು ಇದೇ ರೀತಿಯದೇ ಎಂದು ಕೇಳಿದ. ಹೌದೆಂದೆ. ಮುಂದಿನ ನಾಲ್ಕು ತಿಂಗಳ ಆಟ ಆ ಒಂದು ಹೌದಿನಿಂದ ಬೆಳೆಯಿತು. ನಾನು ಒಂಟಿಯಾಗಿ ಕುಳಿತು ಎಷ್ಟು ಬರೆದರೂ ಆ ಮುದುಕಿ ಹುಟ್ಟುತ್ತಿರಲಿಲ್ಲ, ಏಕೆಂದರೆ ಅವಳನ್ನು ಅರ್ಧ ಹುಟ್ಟಿಸಿದ್ದು ಅವನ ಪ್ರಶ್ನೆ.

ಹೌದೆಂದ ಕೂಡಲೇ ನಾನು ಒಂದು ಕೆಲಸ ಮಾಡಿದೆ: ಚಿಕ್ಕ ಕಾರ್ಡೊಂದರ ಮೇಲೆ ‘ಮುದುಕಿ, ಎಡಗೈ, ಎರಡು ಬೆರಳಿಲ್ಲ, ಕಡಲ್ಗಳ್ಳರ ಗಂಟು’ ಎಂದು ಬರೆದು ಪಕ್ಕಕ್ಕಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆಟದ ಮೇಜಿನ ಮೇಲೆ ಇದು ಅಕ್ಷರಶಃ ನಿಜ. ಆಡುವವರೆಗೆ ಅದು ನನ್ನ ಕಲ್ಪನೆ, ಆಡಿದ ಮೇಲೆ ಎಲ್ಲರ ಲೋಕ. ಆಶುವಾಗಿ ನಡೆಸುವವರಲ್ಲಿ ಬಹಳ ಜನ ಎಡವುವುದು ಕಲ್ಪಿಸುವಲ್ಲಿ ಅಲ್ಲ, ಕಲ್ಪಿಸಿದ್ದನ್ನು ನೆನಪಿಡುವಲ್ಲಿ. ಒಳ್ಳೆಯ ಆಶು ಆಟವೆಂದರೆ ಮುಂದಿನ ಸೆಷನ್ನಿನ ಸಿದ್ಧತೆಯನ್ನು ಈ ಸೆಷನ್‌ನಲ್ಲಿಯೇ, ಎಲ್ಲರ ಕಣ್ಣೆದುರಿಗೆ ಮಾಡುವುದು.

ಸಿದ್ಧತೆಯೂ ಇಲ್ಲ, ಆಯ್ಕೆಯೋ ಬಹಳ ಮುಖ್ಯವಾದದ್ದು ಎಂಬ ಸಂದರ್ಭಗಳೂ ಬರುತ್ತವೆ. ಆಗ ಕೈ ಕಟ್ಟುವ ಕೆಲಸವನ್ನು ದಾಳಕ್ಕೆ ಒಪ್ಪಿಸಬಹುದು. 1981ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬೇಸಿಕ್ ನಿಯಮಗಳಲ್ಲಿ, ಎದುರಾದ ಜೀವಿಯ ಮನಸ್ಸು ಹೇಗಿದೆ ಎಂದು ತಿಳಿಯಲು ಎರಡು ದಾಳಗಳನ್ನು ಉರುಳಿಸುವ ಕೋಷ್ಟಕವಿದೆ: 2 ಬಿದ್ದರೆ ಕೂಡಲೇ ಮೇಲೆ ಬೀಳುತ್ತದೆ, 12 ಬಿದ್ದರೆ ಸ್ನೇಹ ಬೆಳೆಸುತ್ತದೆ, ನಡುವಿನ ಅಂಕಿಗಳಲ್ಲಿ ಹಗೆತನ, ಅನುಮಾನ, ತಟಸ್ಥತೆಗಳಿವೆ. ಎರಡು ತುದಿಗಳೂ 36ರಲ್ಲಿ ಒಂದು ಬಾರಿ ಮಾತ್ರ ಬೀಳುವಂಥವು. ಡ್ರ್ಯಾಗನ್ ಸ್ನೇಹ ಬೆಳೆಸಿತೆಂದು ನಾನಾಗಿ ಹೇಳಿದ್ದರೆ ಅದು ಕರುಣೆಯಾಗುತ್ತಿತ್ತು. ಎಲ್ಲರೂ ನೋಡುತ್ತಿರುವಾಗ ಎರಡು ಆರುಗಳು ಬಿದ್ದರೆ ಅದು ಆ ಲೋಕದ ಸಂಗತಿಯಾಗುತ್ತದೆ, ಮತ್ತು ಯಾಕೆ ಹೀಗಾಯಿತು ಎಂದು ನನ್ನನ್ನೂ ಯೋಚನೆಗೆ ಹಚ್ಚುತ್ತದೆ. 1977ರ ಟ್ರಾವೆಲರ್ ಆಟದಲ್ಲಿ ಇಡೀ ಗ್ರಹಗಳೇ ಹೀಗೆ ಹುಟ್ಟುತ್ತವೆ. ಗಾತ್ರ, ವಾಯುಮಂಡಲ, ನೀರು, ಜನಸಂಖ್ಯೆ, ಆಡಳಿತ, ಕಾನೂನಿನ ಬಿಗಿ ಎಲ್ಲಕ್ಕೂ ದಾಳದ ಅಂಕಿ ಬರುತ್ತದೆ, ಗಾಳಿಯೇ ಇಲ್ಲದ ಗ್ರಹದಲ್ಲಿ ಕೋಟ್ಯಂತರ ಜನ ಯಾಕೆ ನೆಲೆಸಿದ್ದಾರೆ ಎಂಬುದನ್ನು ರೆಫರಿ ಯೋಚಿಸಬೇಕಾಗುತ್ತದೆ. ನಾನು ಪಾಲಿಸುವ ಒಂದೇ ಕಟ್ಟುನಿಟ್ಟೆಂದರೆ, ಯಾವ ಅಂಕಿಗೆ ಏನು ಅರ್ಥ ಎಂಬುದನ್ನು ದಾಳ ಉರುಳುವ ಮೊದಲೇ ಗಟ್ಟಿಯಾಗಿ ಹೇಳುವುದು. ಕಾವಲುಗಾರರು ಎಚ್ಚರವಾಗಿದ್ದಾರೆಯೇ? 1 ಅಥವಾ 2 ಬಿದ್ದರೆ ಎಚ್ಚರವಾಗಿದ್ದಾರೆ. ಹೇಳಿದ ಮೇಲೆ ಉರುಳಿಸಬೇಕು.

ಆಟಗಾರರಿಗೆ ಗೊತ್ತೇ ಆಗದಿದ್ದರೆ ಬದಲಿಸಿದರೇನು ತಪ್ಪು ಎಂದು ಕೇಳುವ ಅನುಭವಿಗಳಿದ್ದಾರೆ. ಗೊತ್ತಾಗುತ್ತದೆ ಎಂಬುದು ನನ್ನ ಅನುಭವ. ಯಾವ ಮಾತು ಬದಲಾಯಿತೆಂದು ಬೆರಳಿಟ್ಟು ತೋರಿಸಲು ಅವರಿಗೆ ಆಗದಿರಬಹುದು, ಆದರೆ ತಾವು ಯೋಚಿಸಿ ತಲುಪಿದ್ದೂ ಸುಮ್ಮನೆ ಊಹಿಸಿದ್ದೂ ಒಂದೇ ಫಲ ಕೊಡುತ್ತಿವೆ ಎಂಬುದು ಕೆಲವು ತಿಂಗಳಲ್ಲಿ ಮೈಗೆ ತಿಳಿದುಬಿಡುತ್ತದೆ, ಆಮೇಲೆ ಅವರು ಯೋಚಿಸುವುದನ್ನು ಬಿಡುತ್ತಾರೆ. ಆದರೆ ಒಂದು ಮಾತನ್ನು ಒಪ್ಪಲೇಬೇಕು. ಜೇಸನ್ ಕಾರ್ಡೋವಾ ಅವರ ಬ್ರಿಂಡಲ್‌ವುಡ್ ಬೇ ಎಂಬ ಆಟದಲ್ಲಿ ಕೊಲೆಗೆ ಮೊದಲೇ ನಿಶ್ಚಯಿಸಿದ ಉತ್ತರವೇ ಇಲ್ಲ. ಸುಳಿವುಗಳನ್ನು ಕೂಡಿಹಾಕಿದ ಆಟಗಾರರು ತಾವೇ ಒಂದು ವಿವರಣೆಯನ್ನು ಕಟ್ಟುತ್ತಾರೆ, ಕೂಡಿಹಾಕಿದ ಸುಳಿವುಗಳ ಸಂಖ್ಯೆ ಅವರ ದಾಳಕ್ಕೆ ನೆರವಾಗುತ್ತದೆ, ದಾಳ ಒಲಿದರೆ ಅವರು ಹೇಳಿದ್ದೇ ಸತ್ಯ. ನನ್ನ ಪರೀಕ್ಷೆಯ ಪ್ರಕಾರ ಇದು ತಪ್ಪಾಗಬೇಕಿತ್ತು, ಆದರೆ ಅಲ್ಲ, ಏಕೆಂದರೆ ಉತ್ತರ ಇನ್ನೂ ಹುಟ್ಟಿಲ್ಲವೆಂಬುದು ಆ ಮೇಜಿನ ಸುತ್ತ ಕುಳಿತ ಎಲ್ಲರಿಗೂ ಗೊತ್ತಿದೆ. ಅವರು ಆಡುತ್ತಿರುವುದೇ ಉತ್ತರವನ್ನು ಕಟ್ಟುವ ಆಟವನ್ನು. ದೀಪಸ್ತಂಭದ ಕೊಲೆಯಲ್ಲಿ ನಾನು ಮಾಡಿದ ತಪ್ಪು ಕೊಲೆಗಾರನನ್ನು ಆಶುವಾಗಿ ಆರಿಸಿದ್ದಲ್ಲ. ಉತ್ತರ ಇದೆ, ಹುಡುಕಿ ಎಂದು ಅವರಿಗೆ ಹೇಳಿ, ಅವರು ಹುಡುಕುತ್ತಿರುವಾಗ ಅದನ್ನು ಬೇರೆಡೆಗೆ ಸಾಗಿಸಿದ್ದು.

ಮತ್ತೊಂದು ತನಿಖೆಯ ಕ್ಯಾಂಪೇನ್ ಶುರು ಮಾಡುವ ಮೊದಲು ನಾನು ಒಂಬತ್ತು ಸಾಲುಗಳನ್ನು ಬರೆದೆ, ಒಂಬತ್ತೂ ಭೂತಕಾಲದಲ್ಲಿ. ಯಾರು ಯಾರಿಗೆ ವಿಷ ಕೊಟ್ಟರು, ಒಳಗೆ ಹೇಗೆ ಬಂದರು, ಯಾರು ನೋಡಿ ಸುಮ್ಮನಿದ್ದರು. ಹಾಳೆಯನ್ನು ಲಕೋಟೆಯಲ್ಲಿಟ್ಟು, ಅಂಟಿಸಿ, ಪ್ರತಿ ಸೆಷನ್‌ನಲ್ಲೂ ಮೇಜಿನ ನಡುವೆ ಇಟ್ಟೆ. ಉಳಿದದ್ದೆಲ್ಲ ಆಶುವಾಗಿಯೇ ನಡೆಯಿತು, ಕಾರ್ಡುಗಳು ಲಕೋಟೆಯ ಪಕ್ಕದಲ್ಲಿ ಸಾಲಾಗಿ ಬೆಳೆದವು. ಎರಡನೆಯ ಸೆಷನ್ನಿಗೆ, ಒದ್ದೆ ಬೂಟುಗಳ ಬಗ್ಗೆ ಕೇಳಿದ್ದ ಆ ಆಟಗಾರ್ತಿ ನೋಟ್‌ಬುಕ್ ತಂದಳು. ಐದನೆಯ ಸೆಷನ್‌ನಲ್ಲಿ, ಮಾತಿನ ಓಟದಲ್ಲಿ, ಓದುವ ಕೋಣೆಯ ಕಿಟಕಿಗೆ ಒಳಗಿನಿಂದ ಅಗುಳಿ ಹಾಕಿತ್ತು ಎಂದುಬಿಟ್ಟೆ. ಲಕೋಟೆಯ ನಾಲ್ಕನೆಯ ಸಾಲಿನ ಪ್ರಕಾರ ವಿಷವಿಟ್ಟವರು ಬಂದದ್ದೇ ಆ ಕಿಟಕಿಯಿಂದ. ರಾತ್ರಿ ಮನೆಯಲ್ಲಿ ಕಾರ್ಡುಗಳನ್ನು ಜೋಡಿಸುವಾಗ ಅದು ಗಮನಕ್ಕೆ ಬಂತು. ಹಿಂದೆ ಆಗಿದ್ದರೆ ಕಿಟಕಿಗೊಂದು ಗುಟ್ಟಿನ ಕೀಲನ್ನೋ, ಮನೆಯೊಳಗೊಬ್ಬ ಸಹಾಯಕನನ್ನೋ ಹುಟ್ಟಿಸುತ್ತಿದ್ದೆ. ಆರನೆಯ ಸೆಷನ್ ಆರಂಭವಾಗುವ ಮೊದಲು, ಕಳೆದ ಬಾರಿ ಕಿಟಕಿಯ ವಿಷಯದಲ್ಲಿ ನಾನು ತಪ್ಪು ಹೇಳಿದೆ, ಅದಕ್ಕೆ ಅಗುಳಿ ಹಾಕಿರಲಿಲ್ಲ, ಬರಿದೆ ಮುಚ್ಚಿತ್ತು ಎಂದು ಎಲ್ಲರಿಗೂ ಹೇಳಿದೆ. ಆಕೆ ಹಾಳೆ ತಿರುವಿ, ಹಳೆಯ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದುಕೊಂಡಳು. ಆಮೇಲೆ ತಲೆಯೆತ್ತಿ, ಆ ಕಿಟಕಿಯ ಕೆಳಗಿನ ಮಣ್ಣು ಹೇಗಿತ್ತು ಎಂದು ಕೇಳಿದಳು.